ಬಡಾವಣೆಯ ಗಣ್ಯರ ಪಟ್ಟಿ ಮಾಡುವವರಿಗೆ ಒಂದು ಬಹಿರಂಗ ಪತ್ರ

ನಗರಾಡಳಿತಗಳ ಪರಂಪರೆ ಸಮಿತಿಗಳಿಗೆ, ಬಡಾವಣೆಗಳ ನಿವಾಸಿ ಸಂಘಗಳಿಗೆ, ಸ್ಥಳೀಯ ಚರಿತ್ರೆ ಬರೆಯುವ ಎಲ್ಲರಿಗೆ,

ಮಾನ್ಯರೇ,

ಯಾವುದೇ ನಗರದ ಯಾವುದೇ ಬಡಾವಣೆಯ ಪರಿಚಯವನ್ನು ಓದುತ್ತ ಹೋದರೆ ಕೊನೆಗೆ ಒಂದು ಪಟ್ಟಿ ಎದುರಾಗುತ್ತದೆ. ‘ಇಲ್ಲಿ ಬೆಳೆದ ಗಣ್ಯರು’ ಎಂಬ ತಲೆಬರಹ. ಅದರ ಕೆಳಗೆ ಒಬ್ಬ ಆಟಗಾರ, ಇಬ್ಬರು ನಟರು, ಒಬ್ಬ ನ್ಯಾಯಮೂರ್ತಿ, ಒಬ್ಬ ಗಾಯಕಿ, ಒಬ್ಬ ವಿಜ್ಞಾನಿ ಹೀಗೆ ಒಂದಷ್ಟು ಹೆಸರುಗಳು. ಹೆಸರಿನ ಮುಂದೆ ಕಸುಬು ಮತ್ತು ಹುಟ್ಟಿದ ವರ್ಷ. ಪ್ರವಾಸಿಗರ ಕೈಪಿಡಿಯಲ್ಲಿ, ಮನೆ ಮಾರುವವರ ಜಾಹೀರಾತಿನಲ್ಲಿ, ಕಡೆಗೆ ರಸ್ತೆಗೆ ಹೊಸ ಹೆಸರಿಡುವ ನಿರ್ಣಯದಲ್ಲಿ ಕೂಡ ಇದೇ ಪಟ್ಟಿ ಓಡಾಡುತ್ತದೆ. ಆ ಬಡಾವಣೆಗೂ ಆ ವ್ಯಕ್ತಿಗಳಿಗೂ ನಡುವೆ ನಿಜವಾಗಿ ಏನು ನಡೆಯಿತು, ಯಾರಿಂದ ಯಾರಿಗೆ ಏನು ದಕ್ಕಿತು ಎಂಬುದು ಮಾತ್ರ ಅದರಲ್ಲಿ ಸಿಗುವುದಿಲ್ಲ. ಈ ಪತ್ರ ಆ ಕೊರತೆಯ ಕುರಿತಾದದ್ದು.

ಇಂಥ ಪಟ್ಟಿಗಳೇ ಬೇಡ ಎಂದು ನಾನು ವಾದಿಸುತ್ತಿಲ್ಲ. ತಾನು ಓಡಾಡುವ ಬೀದಿಯಲ್ಲೇ ಒಬ್ಬ ದೊಡ್ಡ ಮನುಷ್ಯ ಬಾಲ್ಯ ಕಳೆದಿದ್ದನೆಂದು ತಿಳಿದಾಗ ಮಗುವಿಗೆ ಆಗುವ ಹಿಗ್ಗು ಸುಳ್ಳಲ್ಲ. ಆದರೆ ಹೆಸರನ್ನು ಮಾತ್ರ ಬರೆದು ಕಾರಣವನ್ನು ಬಿಟ್ಟಾಗ ಆ ಕೀರ್ತಿ ಮಣ್ಣಿನ ಗುಣವೋ ನೀರಿನ ಗುಣವೋ ಎಂಬಂತೆ ತೋರುತ್ತದೆ. ಬಡಾವಣೆಯಲ್ಲಿ ಯಾರೋ ಕಟ್ಟಿದ ಗ್ರಂಥಾಲಯ, ಯಾರೋ ಬಿಟ್ಟುಕೊಟ್ಟ ಅಂಗಳ, ಯಾರೋ ಸಂಬಳವಿಲ್ಲದೆ ಹೇಳಿಕೊಟ್ಟ ಪಾಠ ಕಣ್ಮರೆಯಾಗುತ್ತವೆ. ಹೆಸರಿನ ಜೊತೆಗೆ, ಆ ವ್ಯಕ್ತಿ ಅಲ್ಲಿ ಯಾವ ವಯಸ್ಸಿನಿಂದ ಯಾವ ವಯಸ್ಸಿನವರೆಗೆ ಇದ್ದರು, ಆ ಬಡಾವಣೆಯಿಂದ ಅವರಿಗೆ ಸಿಕ್ಕಿದ್ದೇನು, ಸಿಕ್ಕದೆ ಹೋದದ್ದೇನು ಎಂಬುದನ್ನೂ ಬರೆಯಿರಿ ಎನ್ನುವುದು ನನ್ನ ಮುಖ್ಯ ಕೋರಿಕೆ.

ಮೊದಲನೆಯದಾಗಿ, ಹುಟ್ಟಿದವರು, ಬೆಳೆದವರು, ಬಂದು ನೆಲೆಸಿದವರು ಈ ಮೂರು ವರ್ಗದವರನ್ನೂ ಒಂದೇ ಪಟ್ಟಿಗೆ ಸುರಿಯುವ ರೂಢಿಯನ್ನು ಕೈಬಿಡಬೇಕು. ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಗಾಯಕ ಡೇವಿಡ್ ಬೋವಿಯವರ ಬೃಹತ್ ಗೋಡೆಚಿತ್ರವಿದೆ. 2016ರಲ್ಲಿ ಅವರು ತೀರಿಕೊಂಡಾಗ ಅಭಿಮಾನಿಗಳು ಹೂವು ತಂದಿಟ್ಟದ್ದು ಅದರ ಮುಂದೆಯೇ. 1947ರಲ್ಲಿ ಅವರು ಹುಟ್ಟಿದ್ದು ಬ್ರಿಕ್ಸ್‌ಟನ್ನಿನ ಸ್ಟ್ಯಾನ್ಸ್‌ಫೀಲ್ಡ್ ರಸ್ತೆಯಲ್ಲಿ ಎಂಬುದು ನಿಜ. ಆದರೆ 1953ರಲ್ಲಿ, ಹುಡುಗನಿಗೆ ಆರು ವರ್ಷವಾಗಿದ್ದಾಗ, ಕುಟುಂಬ ಬ್ರಾಮ್ಲಿಗೆ ಹೋಯಿತು. ಮುಂದಿನ ಶಾಲೆಗಳು, ಗೆಳೆಯರು, ಮೊದಲ ವಾದ್ಯ ಎಲ್ಲವೂ ಅಲ್ಲಿಯವು. ಹಾಗಿದ್ದರೂ ಬ್ರಿಕ್ಸ್‌ಟನ್ನಿನ ಹೆಸರಿಗೆ ಒಂದು ಸೊಗಸಿದೆ, ಬ್ರಾಮ್ಲಿ ಎಂದರೆ ಸಪ್ಪೆ ಉಪನಗರ ಎಂಬ ಭಾವನೆಯಿದೆ. ಕೀರ್ತಿ ಹೆಸರಿನ ಸೊಗಸಿನ ಕಡೆಗೇ ವಾಲಿತು. ಜೊಹಾನೆಸ್‌ಬರ್ಗಿನ ಸೊವೆಟೊದಲ್ಲಿರುವ ವಿಲಕಾಜಿ ಬೀದಿ ಇಬ್ಬರು ನೊಬೆಲ್ ಶಾಂತಿ ಪುರಸ್ಕೃತರ ಮನೆಗಳಿರುವ ಬೀದಿ ಎಂದು ಹೆಸರಾಗಿದೆ. ಆ ಹೆಮ್ಮೆ ನ್ಯಾಯವಾದದ್ದೇ. ಆದರೆ ನೆಲ್ಸನ್ ಮಂಡೇಲಾ ಅಲ್ಲಿನ ಮನೆಗೆ ಬಂದದ್ದು 1946ರಲ್ಲಿ, ಮದುವೆಯಾಗಿ ಸಂಸಾರ ಹೂಡಿದ ಮೇಲೆ; ಅವರ ಬಾಲ್ಯ ಕಳೆದದ್ದು ಕೂನು ಎಂಬ ಹಳ್ಳಿಯಲ್ಲಿ. ಡೆಸ್ಮಂಡ್ ಟುಟು ಕೂಡ ಆ ಬೀದಿಯಲ್ಲಿ ಬೆಳೆದ ಮಗುವಲ್ಲ. ಬೆಳೆದ ಜಾಗ ಯಾರಿಗೂ ತಾನಾಗಿ ಆರಿಸಿಕೊಂಡದ್ದಲ್ಲ, ನೆಲೆಸಿದ ಜಾಗ ಬಹಳ ಮಂದಿಗೆ ಆರಿಸಿಕೊಂಡದ್ದು. ಈ ಎರಡರಿಂದ ಒಂದೇ ನಿರ್ಣಯಕ್ಕೆ ಬರಲಾಗುವುದಿಲ್ಲ.

ಎರಡನೆಯದು ದಾಖಲೆಯ ಮಾತು. ಪ್ಯಾರಿಸ್ಸಿನ ಬೆಲ್‌ವಿಲ್ ಬೀದಿಯ 72ನೇ ಸಂಖ್ಯೆಯ ಮನೆಯ ಮೇಲೆ ಒಂದು ಅಮೃತಶಿಲೆಯ ಫಲಕವಿದೆ. 1915ರ ಡಿಸೆಂಬರ್ 19ರಂದು ಗಾಯಕಿ ಎಡಿತ್ ಪಿಯಾಫ್ ಕಡುಬಡತನದಲ್ಲಿ ಈ ಮನೆಯ ಮೆಟ್ಟಿಲುಗಳ ಮೇಲೆ ಜನಿಸಿದರು ಎಂದು ಅದು ಸಾರುತ್ತದೆ. ಅವರ ಜನನ ಪತ್ರವಾದರೋ ಹತ್ತಿರದ ಟೆನೋ ಆಸ್ಪತ್ರೆಯ ಹೆಸರು ಹೇಳುತ್ತದೆ. ಬಾಲ್ಯದ ಒಂದು ಭಾಗವನ್ನು ಅವರು ಕಳೆದದ್ದು ನಾರ್ಮಂಡಿಯಲ್ಲಿ, ಅಜ್ಜಿ ನಡೆಸುತ್ತಿದ್ದ ವೇಶ್ಯಾಗೃಹದಲ್ಲಿ. ಆ ಸಂಗತಿಯನ್ನು ಯಾವ ಊರೂ ಮುಂದೆ ಬಂದು ಕಲ್ಲಿನಲ್ಲಿ ಕೆತ್ತಿಸಲಾರದು. ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ತಾನು ಹುಟ್ಟಿದ್ದು 1900ರ ಜುಲೈ 4ರಂದು, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನದಂದು, ಎಂದು ಬದುಕಿನುದ್ದಕ್ಕೂ ಹೇಳುತ್ತ ಬಂದರು. ಅವರು ತೀರಿಕೊಂಡು ಹತ್ತಕ್ಕೂ ಹೆಚ್ಚು ವರ್ಷಗಳಾದ ಬಳಿಕ, 1980ರ ದಶಕದಲ್ಲಿ, ನ್ಯೂ ಆರ್ಲಿಯನ್ಸ್‌ನ ಚರ್ಚೊಂದರ ದೀಕ್ಷಾಸ್ನಾನದ ಪುಸ್ತಕದಲ್ಲಿ ನಿಜವಾದ ತಾರೀಖು ಸಿಕ್ಕಿತು: 1901ರ ಆಗಸ್ಟ್ 4. ಕಲಾವಿದರು ತಮ್ಮ ಬಾಲ್ಯವನ್ನು ಕತೆಯಾಗಿ ಹೇಳಿಕೊಳ್ಳುವುದು ಅವರ ಹಕ್ಕು, ಅದರಲ್ಲಿ ತಪ್ಪು ಹುಡುಕುವ ಅಗತ್ಯವಿಲ್ಲ. ಆದರೆ ಆಡಳಿತದ ಮೊಹರು ಬಿದ್ದ ಫಲಕ ಅದೇ ಕತೆಯನ್ನು ವಾಸ್ತವವೆಂದು ಒಪ್ಪಿಸಬಾರದು.

ಫಲಕ ಹಾಕುವ ಕೆಲಸವನ್ನು ಬಹಳ ಕಾಲದಿಂದ, ಬಹಳ ನಿಯಮಬದ್ಧವಾಗಿ ಮಾಡುತ್ತ ಬಂದ ನಗರ ಲಂಡನ್. 1866ರಲ್ಲಿ ಅಲ್ಲಿನ ಸೊಸೈಟಿ ಆಫ್ ಆರ್ಟ್ಸ್ ಆರಂಭಿಸಿದ ಯೋಜನೆ ಕೈಯಿಂದ ಕೈಗೆ ಸಾಗಿ 1986ರಿಂದ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ವಶದಲ್ಲಿದೆ. ವ್ಯಕ್ತಿ ತೀರಿಕೊಂಡು ಕನಿಷ್ಠ 20 ವರ್ಷ ಆಗಿರಬೇಕು, ಅವರು ವಾಸವಿದ್ದ ಕಟ್ಟಡ ಇಂದಿಗೂ ಉಳಿದಿರಬೇಕು ಎಂಬುವು ಅದರ ಮುಖ್ಯ ಷರತ್ತುಗಳು. ಮೊದಲ ಷರತ್ತು ವಿವೇಕದ್ದು. ದೂರದರ್ಶನದ ನಿರೂಪಕ ಜಿಮ್ಮಿ ಸಾವಿಲ್ 2011ರಲ್ಲಿ ಸತ್ತಾಗ ಅವನ ಗುಣಗಾನ ನಡೆದಿತ್ತು. ಮರುವರ್ಷ ಅವನ ಲೈಂಗಿಕ ದೌರ್ಜನ್ಯಗಳು ಹೊರಬಿದ್ದ ಮೇಲೆ ಸ್ಕಾರ್‌ಬರೋದಲ್ಲಿ ಅವನ ನೆನಪಿಗೆ ಹಾಕಿದ್ದ ಫಲಕವನ್ನು ಕಿತ್ತು ತೆಗೆಯಬೇಕಾಯಿತು. 20 ವರ್ಷ ಕಾಯುವವರಿಗೆ ಇಂಥ ಮುಜುಗರ ಕಡಿಮೆ.

ಎರಡನೆಯ ಷರತ್ತಿನ ಬಗ್ಗೆ ನನಗೆ ತಕರಾರಿದೆ. ಉಳಿದ ಕಟ್ಟಡಕ್ಕೆ ಮಾತ್ರ ಫಲಕ ಎಂದರೆ, ಗಟ್ಟಿ ಕಲ್ಲಿನ ಸ್ವಂತ ಮನೆಯಲ್ಲಿ ಬೆಳೆದವರಿಗೆ ಒಂದು ವಿಳಾಸ ಸಿಗುತ್ತದೆ. ತಿಂಗಳಿಗೊಂದು ಬಾಡಿಗೆ ಕೋಣೆ ಬದಲಿಸಿದವರಿಗೆ ಸಿಗುವುದಿಲ್ಲ. ಚಾರ್ಲಿ ಚಾಪ್ಲಿನ್ ಇದಕ್ಕೆ ನೇರ ನಿದರ್ಶನ. 1889ರಲ್ಲಿ ಹುಟ್ಟಿದ ಆತನ ಜನನ ಪತ್ರವೇ ಸಿಕ್ಕಿಲ್ಲ. ದಕ್ಷಿಣ ಲಂಡನ್ನಿನ ವಾಲ್‌ವರ್ತ್, ಲ್ಯಾಂಬೆತ್, ಕೆನಿಂಗ್ಟನ್ ಇಷ್ಟರ ಒಳಗೇ ತಾಯಿ ಹ್ಯಾನಾ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಕೋಣೆಯಿಂದ ಕೋಣೆಗೆ ಅಲೆದರು. ಚಾರ್ಲಿಗೆ ಏಳು ವರ್ಷವಾಗಿದ್ದಾಗ ಅದೂ ನಿಭಾಯಿಸದೆ ಮೂವರೂ ವರ್ಕ್‌ಹೌಸ್ ಎಂಬ ಸರ್ಕಾರಿ ನಿರ್ಗತಿಕರ ಗೃಹ ಸೇರಿದರು. ಅಲ್ಲಿಂದ ಮಕ್ಕಳನ್ನು ಹ್ಯಾನ್‌ವೆಲ್‌ನ ನಿರ್ಗತಿಕ ಮಕ್ಕಳ ಶಾಲೆಗೆ ಸಾಗಿಸಲಾಯಿತು. ಹೀಗೆ ಕಳೆದ ಬಾಲ್ಯಕ್ಕೆ ಯಾವ ಬಾಗಿಲಿನ ಮೇಲೆ ಫಲಕ ಹೊಡೆಯುವುದು? 2017ರಲ್ಲಿ ಇಂಗ್ಲಿಷ್ ಹೆರಿಟೇಜ್ ಕಡೆಗೂ ನೀಲಿ ಫಲಕ ಹಾಕಿದ್ದು ಬ್ರಿಕ್ಸ್‌ಟನ್ ರಸ್ತೆಯ ಗ್ಲೆನ್‌ಷಾ ಮ್ಯಾನ್‌ಶನ್ಸ್ ಎಂಬ ಕಟ್ಟಡಕ್ಕೆ. ಅದು ರಂಗಭೂಮಿಯಲ್ಲಿ ದುಡಿದು ನಾಲ್ಕು ಕಾಸು ಕಂಡ ಚಾರ್ಲಿ, ಅಣ್ಣ ಸಿಡ್ನಿಯ ಜೊತೆ 1908ರಿಂದ 1910ರವರೆಗೆ ಬಾಡಿಗೆಗಿದ್ದ ಮನೆ. ಅಂದರೆ ಫಲಕ ಗುರುತಿಸಿದ್ದು ಬಾಲ್ಯ ಮುಗಿದ ಮೇಲಿನ ನೆಮ್ಮದಿಯನ್ನು.

ಆ ಬಾಲ್ಯದಲ್ಲಿ ಆ ಬೀದಿಗಳು ಕೊಟ್ಟದ್ದೇನು ಎಂಬುದಕ್ಕೆ ಚಾಪ್ಲಿನ್ ಅವರೇ ಹೇಳಿಕೊಂಡ ಮಾತುಗಳಿವೆ. ತಾಯಿ ಕಿಟಕಿಯ ಬಳಿ ಕುಳಿತು ಕೆಳಗಿನ ಬೀದಿಯಲ್ಲಿ ಹಾದುಹೋಗುವವರನ್ನು ನೋಡುತ್ತ, ಅವರ ನಡಿಗೆ, ಮುಖಭಾವ, ಕೈಸನ್ನೆಗಳನ್ನು ಹಾಗೆಯೇ ಅನುಕರಿಸಿ ತೋರಿಸುತ್ತಿದ್ದರಂತೆ. ಒಬ್ಬನ ಬೂಟು, ಹೆಜ್ಜೆ, ಗಂಟುಹಾಕಿದ ಹುಬ್ಬು ನೋಡಿ ಅವನು ಹೆಂಡತಿಯ ಜೊತೆ ಜಗಳವಾಡಿ ತಿಂಡಿ ತಿನ್ನದೆ ಹೊರಟಿದ್ದಾನೆ ಎಂದು ಊಹಿಸುತ್ತಿದ್ದರಂತೆ. ಮನುಷ್ಯರನ್ನು ಗಮನಿಸುವುದನ್ನು ತಾನು ಕಲಿತದ್ದು ಆ ಕಿಟಕಿಯ ಬಳಿ ಎಂದು ಮಗ ಮುಂದೆ ನೆನೆದರು. ಹೆಂಡದಂಗಡಿಯ ಮುಂದೆ ಗಿರಾಕಿಗಳ ಕುದುರೆ ಹಿಡಿದು ನಿಲ್ಲುತ್ತಿದ್ದ ಮುದುಕನೊಬ್ಬನ ಎಳೆದಾಡುವ ನಡಿಗೆಯೇ ತನ್ನ ಅಲೆಮಾರಿ ಪಾತ್ರದ ನಡಿಗೆಯಾಯಿತು ಎಂದೂ ಹೇಳಿದರು. ಬಡಾವಣೆಯ ಚರಿತ್ರೆಗೆ ಬೇಕಾದದ್ದು ಇಂಥ ವಿವರ. ಅಲ್ಲಿನ ಬೀದಿ ಜನರಿಂದ ತುಂಬಿತ್ತು, ಮಹಡಿಯ ಕೋಣೆಯಿಂದ ಅದು ಕಾಣುತ್ತಿತ್ತು, ತಾಯಿ ನಟಿಯಾಗಿದ್ದಳು. ಈ ಮೂರೂ ಕೂಡಿದ್ದರಿಂದ ಒಂದು ಕಲೆ ಹುಟ್ಟಿತು. ಅದೇ ವೇಳೆಗೆ, ಆ ಬಡಾವಣೆ ಆ ಕುಟುಂಬಕ್ಕೆ ಒಂದು ವರ್ಷ ನೆಮ್ಮದಿಯಾಗಿ ಇರುವ ಸೂರು ಕೊಡಲಾರದೆ ಹೋಯಿತು ಎಂಬುದನ್ನೂ ಅದೇ ಸಾಲಿನಲ್ಲಿ ಬರೆಯಬೇಕು.

ಕಿಟಕಿಯ ಮಾತು ಬಂದದ್ದರಿಂದ ಇನ್ನೊಂದು ಕಿಟಕಿಯನ್ನು ಹೇಳಿಯೇ ಮುಂದುವರಿಯುತ್ತೇನೆ. ಕೋಲ್ಕತ್ತದ ಜೊರಾಸಾಂಕೋ ಬಡಾವಣೆ ಎಂದರೆ ರವೀಂದ್ರನಾಥ ಟಾಗೋರರು. 1861ರಲ್ಲಿ ಹುಟ್ಟಿದ್ದೂ ಅಲ್ಲಿ, ಬೆಳೆದದ್ದೂ ಅಲ್ಲಿ, 1941ರಲ್ಲಿ ಕಣ್ಣುಮುಚ್ಚಿದ್ದೂ ಅದೇ ಮನೆಯಲ್ಲಿ. ಪಟ್ಟಿಯ ಲೆಕ್ಕದಲ್ಲಿ ಇದಕ್ಕಿಂತ ಗಟ್ಟಿಯಾದ ಸಂಬಂಧ ಬೇಕಿಲ್ಲ. ಆದರೆ ಬಾಲಕ ರವಿಗೆ ಬಡಾವಣೆಯ ಪರಿಚಯ ಎಷ್ಟಿತ್ತು? ಶ್ಯಾಮ್ ಎಂಬ ಆಳು ರವಿಯನ್ನು ಒಂದೆಡೆ ಕೂರಿಸಿ, ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ದಾಟಿದರೆ ಸೀತೆಗೆ ಬಂದ ಗತಿಯೇ ಬರುತ್ತದೆಂದು ಹೆದರಿಸಿ ತನ್ನ ಪಾಡಿಗೆ ಹೋಗಿಬಿಡುತ್ತಿದ್ದ. ರಾಮಾಯಣದ ಕತೆ ಗೊತ್ತಿದ್ದ ಹುಡುಗ ಆ ಗೆರೆಯನ್ನು ನಂಬಿ ಅಲ್ಲೇ ಕುಳಿತು, ಕಿಟಕಿಯ ಹೊರಗಿನ ಕೊಳವನ್ನೂ ಆಲದ ಮರವನ್ನೂ ಸ್ನಾನಕ್ಕೆ ಬಂದುಹೋಗುವ ನೆರೆಯವರನ್ನೂ ದಿನವಿಡೀ ನೋಡುತ್ತಿದ್ದ. ಊರ ನಡುವೆ ಇದ್ದೂ ಊರು ಕೈಗೆಟುಕದ ಬಾಲ್ಯ ಅದು. ಅವರ ವಿದ್ಯೆ ಬಂದದ್ದು ಮನೆಗೆ ಬರುತ್ತಿದ್ದ ಮೇಷ್ಟರುಗಳಿಂದ, ಅಣ್ಣ ಅತ್ತಿಗೆಯರಿಂದ, ಒಂದು ದೊಡ್ಡ ಕುಟುಂಬದ ಸಾಹಿತ್ಯ ಸಂಗೀತದ ವಾತಾವರಣದಿಂದ. ಜೊರಾಸಾಂಕೋ ಟಾಗೋರರನ್ನು ಬೆಳೆಸಿತು ಎಂದು ಬರೆಯುವವರು ಅದು ಬಡಾವಣೆಯೋ ಮನೆಯೋ ಎಂದು ಒಂದು ಸಲವಾದರೂ ಕೇಳಿಕೊಳ್ಳಬೇಕು.

ಇದಕ್ಕೆ ಪ್ರತಿಯಾಗಿ, ಬಡಾವಣೆಯೇ ಬೆಳೆಸಿತು ಎಂದು ಧೈರ್ಯವಾಗಿ ಹೇಳಬಹುದಾದ ಪ್ರಕರಣಗಳೂ ಇವೆ. ನನ್ನ ಪತ್ರದ ತಿರುಳು ಇರುವುದು ಇಲ್ಲಿ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1924ರಲ್ಲಿ ಹುಟ್ಟಿದ ಲೇಖಕ ಜೇಮ್ಸ್ ಬಾಲ್ಡ್‌ವಿನ್ ಒಂಬತ್ತು ಮಕ್ಕಳಲ್ಲಿ ಹಿರಿಯ. ಒಂದು ಕೈಯಲ್ಲಿ ಎಳೆಗೂಸು, ಇನ್ನೊಂದರಲ್ಲಿ ಪುಸ್ತಕ ಹಿಡಿದು ಬೆಳೆದೆ ಎಂದು ಅವರು ಹೇಳಿಕೊಂಡಿದ್ದಾರೆ. ಆ ಪುಸ್ತಕ ಎಲ್ಲಿಂದ ಬಂತು? ಮನೆಯಲ್ಲಿ ಕೊಳ್ಳುವ ತಾಕತ್ತಿರಲಿಲ್ಲ. 135ನೇ ಬೀದಿಯಲ್ಲಿ 1905ರಿಂದ ಸಾರ್ವಜನಿಕ ಗ್ರಂಥಾಲಯದ ಶಾಖೆಯೊಂದಿತ್ತು. ಕಪ್ಪು ಜನರ ಚರಿತ್ರೆಗೆ ಸಂಬಂಧಿಸಿದ ಆರ್ಟುರೊ ಶೋಂಬರ್ಗ್ ಅವರ ಅಪಾರ ಸಂಗ್ರಹವನ್ನು 1926ರಲ್ಲಿ 10,000 ಡಾಲರಿಗೆ ಕೊಂಡು ಅದೇ ಶಾಖೆಯಲ್ಲಿ ಇಡಲಾಗಿತ್ತು. ಬಾಲ್ಡ್‌ವಿನ್ ವಾರಕ್ಕೆ ಹಲವು ಬಾರಿ ಅಲ್ಲಿಗೆ ಹೋಗಿ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದರು. ಅವರ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ ಗರ್ಟ್ರೂಡ್ ಏಯರ್ ಆ ನಗರದ ಶಾಲೆಯೊಂದರ ಮುಖ್ಯಸ್ಥೆಯಾದ ಮೊದಲ ಕಪ್ಪು ಮಹಿಳೆಯರಲ್ಲಿ ಒಬ್ಬರು. ಮುಂದಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರಲ್ಲಿ ಕವಿ ಕೌಂಟೀ ಕಲೆನ್ ಒಬ್ಬರು. ನಡೆದು ಹೋಗುವಷ್ಟು ದೂರದಲ್ಲಿ ಒಂದು ಗ್ರಂಥಾಲಯ, ತನ್ನದೇ ಬಣ್ಣದ ಮುಖ್ಯೋಪಾಧ್ಯಾಯಿನಿ, ಬರೆಯುವ ಮೇಷ್ಟರು. ಇದನ್ನೆಲ್ಲ ಒದಗಿಸಿದ ಹಾರ್ಲೆಮ್ ಅದೇ ಹುಡುಗನಿಗೆ ಪೊಲೀಸರ ಹೊಡೆತವನ್ನೂ ಕೊಟ್ಟಿತು. ಅದನ್ನೂ ಅವರು ಮರೆಯಲಿಲ್ಲ, ಮುಚ್ಚಿಡಲೂ ಇಲ್ಲ.

ಜಮೈಕಾದ ಕಿಂಗ್ಸ್‌ಟನ್ ನಗರದ ಟ್ರೆಂಚ್ ಟೌನ್ ಇನ್ನೂ ವಿಚಿತ್ರವಾದ ಉದಾಹರಣೆ. ಗಾಯಕ ಬಾಬ್ ಮಾರ್ಲಿ 1945ರಲ್ಲಿ ಹುಟ್ಟಿದ್ದು ಗುಡ್ಡಗಾಡಿನ ನೈನ್ ಮೈಲ್ ಎಂಬ ಹಳ್ಳಿಯಲ್ಲಿ. ತಾಯಿಯ ಜೊತೆ ಟ್ರೆಂಚ್ ಟೌನ್ ಸೇರಿದಾಗ ಹುಡುಗನಿಗೆ ಹತ್ತಿರ ಹತ್ತಿರ ಹನ್ನೆರಡು ವರ್ಷ. ಸರ್ಕಾರ ಕಟ್ಟಿಸಿದ ಅಲ್ಲಿನ ಮನೆಗಳು ನಮ್ಮ ವಠಾರಗಳ ಹಾಗೆ: ನಡುವೆ ಅಂಗಳ, ಸುತ್ತ ಕೋಣೆಗಳು, ಎಲ್ಲರಿಗೂ ಸೇರಿ ಅಡುಗೆಮನೆ ಮತ್ತು ನಲ್ಲಿ. ಸಂಜೆ ಮನೆಯೊಳಗೆ ಕೂರಲು ಜಾಗವಿಲ್ಲದ್ದರಿಂದ ಎಲ್ಲರೂ ಅಂಗಳದಲ್ಲೇ ಇರುತ್ತಿದ್ದರು. ಥರ್ಡ್ ಸ್ಟ್ರೀಟಿನ ತಮ್ಮ ಅಂಗಳದಲ್ಲಿ ಜೋ ಹಿಗ್ಸ್ ಎಂಬ ಗಾಯಕರು ಹುಡುಗರನ್ನು ಕೂರಿಸಿಕೊಂಡು, ಮೂರು ದನಿಗಳು ಒಂದಕ್ಕೊಂದು ಹೊಂದುವಂತೆ ಹಾಡುವುದು ಹೇಗೆ, ಉಸಿರು ಹಿಡಿಯುವುದು ಹೇಗೆ ಎಂದು ಶುಲ್ಕವಿಲ್ಲದೆ ಹೇಳಿಕೊಟ್ಟರು. ಮಾರ್ಲಿ, ಪೀಟರ್ ಟಾಶ್, ಬನ್ನಿ ವೈಲರ್ ಮೂವರೂ ಅಲ್ಲಿ ತಯಾರಾದವರೇ. ಫಸ್ಟ್ ಸ್ಟ್ರೀಟಿನ ವಠಾರದಲ್ಲಿದ್ದ ವಿನ್ಸೆಂಟ್ ಫೋರ್ಡ್ ಎಂಬ ಗೆಳೆಯ ಗಿಟಾರ್ ಕಲಿಯಲು ನೆರವಾದ. ಮುಂದೆ ಮಾರ್ಲಿ ತಮ್ಮ ಅತ್ಯಂತ ಪ್ರಸಿದ್ಧ ಹಾಡೊಂದರ ರಚನೆಯ ಶ್ರೇಯಸ್ಸನ್ನು ಅಧಿಕೃತವಾಗಿ ಆತನ ಹೆಸರಿಗೇ ಬರೆಸಿದರು. ಟ್ರೆಂಚ್ ಟೌನಿನ ಪಟ್ಟಿಯಲ್ಲಿ ಮಾರ್ಲಿಯ ಹೆಸರು ಎಲ್ಲೆಡೆ ಇದೆ. ನನ್ನ ಅಭಿಪ್ರಾಯದಲ್ಲಿ ಆ ಪಟ್ಟಿಯ ಮೊದಲ ಹೆಸರು ಜೋ ಹಿಗ್ಸ್ ಅವರದಾಗಬೇಕು.

ನ್ಯೂ ಆರ್ಲಿಯನ್ಸ್‌ನ ಬಾಲಕ ಆರ್ಮ್‌ಸ್ಟ್ರಾಂಗ್‌ಗೆ ಊಟ ಹಾಕಿ, ಗುಜರಿ ಗಾಡಿಯಲ್ಲಿ ಕೆಲಸ ಕೊಟ್ಟು, ಕಾರ್ನೆಟ್ ಎಂಬ ಊದುವ ವಾದ್ಯವನ್ನು ಮೊದಲ ಸಲ ಕೊಳ್ಳಲು ಮುಂಗಡ ಕೊಟ್ಟವರು ಕಾರ್ನೋಫ್‌ಸ್ಕಿ ಎಂಬ ವಲಸಿಗ ಯೆಹೂದಿ ಕುಟುಂಬದವರು. 1912ರ ಕೊನೆಯ ರಾತ್ರಿ ಬೀದಿಯಲ್ಲಿ ಪಿಸ್ತೂಲು ಹಾರಿಸಿದ್ದಕ್ಕಾಗಿ ಹುಡುಗನನ್ನು ಕಳಿಸಿದ ಬಾಲಗೃಹದಲ್ಲಿ ಪೀಟರ್ ಡೇವಿಸ್ ಎಂಬವರು ಶಿಸ್ತಿನಿಂದ ವಾದ್ಯ ಕಲಿಸಿದರು. ಆ ಬಡಾವಣೆಯನ್ನು ಜನ ಕರೆಯುತ್ತಿದ್ದದ್ದೇ ‘ರಣರಂಗ’ ಎಂದು. ಹುಟ್ಟಿದ ಮನೆಯನ್ನು ಸರ್ಕಾರಿ ಕಟ್ಟಡಗಳಿಗಾಗಿ 1964ರಲ್ಲಿ, ಆರ್ಮ್‌ಸ್ಟ್ರಾಂಗ್ ಬದುಕಿದ್ದಾಗಲೇ, ಕೆಡವಿದರು. ಕಾರ್ನೋಫ್‌ಸ್ಕಿಗಳ ಅಂಗಡಿಯ ಕಟ್ಟಡ ದಶಕಗಳ ಕಾಲ ಪಾಳುಬಿದ್ದಿದ್ದು 2021ರ ಆಗಸ್ಟಿನಲ್ಲಿ ಐಡಾ ಚಂಡಮಾರುತಕ್ಕೆ ಕುಸಿಯಿತು. ಅವರು 1943ರಿಂದ ಕೊನೆಯವರೆಗೆ ವಾಸಿಸಿದ ಕ್ವೀನ್ಸ್‌ನ ಮನೆ ಮಾತ್ರ ಇಂದು ಅಂದವಾದ ವಸ್ತುಸಂಗ್ರಹಾಲಯ. ಬೆಳೆಸಿದ ಜಾಗ ಅಳಿದು, ಬೆಳೆದು ಬಂದು ಸೇರಿದ ಜಾಗ ಉಳಿಯಿತು.

ಒಂದೇ ಬಾಲ್ಯದ ಮೇಲೆ ಎರಡು ಬಡಾವಣೆಗಳು ಹಕ್ಕು ಸಾಧಿಸುವುದೂ ಉಂಟು, ಮತ್ತು ಇಬ್ಬರೂ ಸರಿ ಇರುವುದೂ ಉಂಟು. ಸಚಿನ್ ತೆಂಡೂಲ್ಕರ್ ಬೆಳೆದದ್ದು ಮುಂಬೈನ ಬಾಂದ್ರಾ ಪೂರ್ವದ ಸಾಹಿತ್ಯ ಸಹವಾಸದಲ್ಲಿ; ಅದು ಬರಹಗಾರರ ಸಹಕಾರಿ ವಸತಿ ಸಮುಚ್ಚಯ, ತಂದೆ ರಮೇಶ್ ತೆಂಡೂಲ್ಕರ್ ಮರಾಠಿ ಕವಿ ಹಾಗೂ ಪ್ರಾಧ್ಯಾಪಕರು. 1984ರಲ್ಲಿ ಅಣ್ಣ ಅಜಿತ್, ಸಚಿನ್ ಅವರನ್ನು ದಾದರಿನ ಶಿವಾಜಿ ಪಾರ್ಕಿನಲ್ಲಿ ಕ್ರಿಕೆಟ್ ಗುರು ರಮಾಕಾಂತ್ ಆಚ್ರೇಕರ್ ಅವರ ಬಳಿಗೆ ಕರೆದೊಯ್ದರು. ಶಾಲೆ ಬದಲಾಯಿತು, ಓಡಾಟದ ದೂರ ತಪ್ಪಿಸಲು ಹುಡುಗ ಶಿವಾಜಿ ಪಾರ್ಕಿನ ಸಮೀಪ ಚಿಕ್ಕಪ್ಪ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡ. ಬಾಂದ್ರಾದ ಸಮುಚ್ಚಯ ಕೊಟ್ಟದ್ದು ಬೇರೆ, ದಾದರಿನ ಮೈದಾನ ಕೊಟ್ಟದ್ದು ಬೇರೆ. ಏನು ಸಿಕ್ಕಿತು ಎಂದು ಬರೆದರೆ ಜಗಳವೇ ಇರುವುದಿಲ್ಲ.

ಇಷ್ಟೆಲ್ಲ ಬಿಡಿ ಕತೆಗಳು, ಇವುಗಳಿಂದ ನಿಯಮ ಕಟ್ಟಬಹುದೇ ಎಂದು ನೀವು ಕೇಳಬಹುದು. ಹೆಸರಾದವರನ್ನು ಮಾತ್ರ ನೋಡಿ ಅವರ ಬೀದಿಗೆ ವಿಶೇಷ ಶಕ್ತಿ ಇದೆ ಎನ್ನುವುದು ತಪ್ಪು ತರ್ಕ. ಹ್ಯಾನ್‌ವೆಲ್ ಶಾಲೆಯಲ್ಲಿ ಚಾಪ್ಲಿನ್ ಜೊತೆ ಸಾಲು ನಿಂತ ನೂರಾರು ಮಕ್ಕಳ ಹೆಸರು ಯಾರಿಗೂ ಗೊತ್ತಿಲ್ಲ. ಆದ್ದರಿಂದ ಹೆಸರಾಗದವರನ್ನೂ ಎಣಿಸಿದ ಅಧ್ಯಯನಗಳನ್ನು ನೋಡಬೇಕಾಗುತ್ತದೆ. ಅಮೆರಿಕದ ಐದು ನಗರಗಳಲ್ಲಿ 1994ರಿಂದ 1998ರವರೆಗೆ ಸುಮಾರು 4,600 ಬಡ ಕುಟುಂಬಗಳ ನಡುವೆ ಚೀಟಿ ಎತ್ತಿ, ಕೆಲವರಿಗೆ ಬಡತನ ಕಡಿಮೆಯಿರುವ ಬಡಾವಣೆಗೆ ಹೋಗಲು ಬಾಡಿಗೆಯ ನೆರವು ಕೊಡಲಾಯಿತು. ಆ ಮಕ್ಕಳು ದೊಡ್ಡವರಾದ ಮೇಲೆ ರಾಜ್ ಚೆಟ್ಟಿ, ನೇಥನ್ ಹೆಂಡ್ರೆನ್, ಲಾರೆನ್ಸ್ ಕಾಟ್ಜ್ ಎಂಬ ಅರ್ಥಶಾಸ್ತ್ರಜ್ಞರು ಅವರ ತೆರಿಗೆ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. 13 ವರ್ಷ ತುಂಬುವ ಮೊದಲು ಸ್ಥಳ ಬದಲಿಸಿದ ಮಕ್ಕಳು ಇಪ್ಪತ್ತೈದರ ಆಸುಪಾಸಿನಲ್ಲಿ, ಬದಲಿಸದವರಿಗಿಂತ ಸುಮಾರು ಶೇಕಡಾ 31ರಷ್ಟು ಹೆಚ್ಚು ಗಳಿಸುತ್ತಿದ್ದರು. ಆ ವಯಸ್ಸು ದಾಟಿದ ಮೇಲೆ ಹೋದವರಿಗೆ ಅಂಥ ಲಾಭ ಕಾಣಲಿಲ್ಲ. ಬಡಾವಣೆಯ ಪ್ರಭಾವ ನಿಜ, ಅದು ಎಳೆಯ ವಯಸ್ಸಿನಲ್ಲಿ ಎಷ್ಟು ವರ್ಷ ಅಲ್ಲಿದ್ದರು ಎಂಬುದನ್ನು ಅವಲಂಬಿಸಿದೆ ಎಂದಾಯಿತು. ಹೆಸರಿನ ಮುಂದೆ ವಯಸ್ಸನ್ನು ಬರೆಯಿರಿ ಎಂದು ನಾನು ಒತ್ತಾಯಿಸುವುದು ಇದೇ ಕಾರಣಕ್ಕೆ.

ಇನ್ನೊಂದು ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಅಲೆಕ್ಸ್ ಬೆಲ್, ಚೆಟ್ಟಿ ಮತ್ತು ಸಂಗಡಿಗರು ಅಮೆರಿಕದ ಸುಮಾರು 12 ಲಕ್ಷ ಆವಿಷ್ಕಾರಕರ ಪೇಟೆಂಟ್ ದಾಖಲೆಗಳನ್ನು ತೆರಿಗೆ ದಾಖಲೆಗಳೊಂದಿಗೆ ಜೋಡಿಸಿ, ಯಾವ ಮಕ್ಕಳು ಮುಂದೆ ಆವಿಷ್ಕಾರಕರಾಗುತ್ತಾರೆ ಎಂದು ನೋಡಿದರು. ಯಾವ ತಂತ್ರಜ್ಞಾನದ ಆವಿಷ್ಕಾರಕರು ಹೆಚ್ಚಾಗಿರುವ ಪರಿಸರದಲ್ಲಿ ಮಗು ಬೆಳೆಯುತ್ತದೋ, ಮುಂದೆ ಅದೇ ತಂತ್ರಜ್ಞಾನದಲ್ಲಿ ಆ ಮಗು ಪೇಟೆಂಟ್ ಪಡೆಯುವ ಸಂಭವ ಹೆಚ್ಚು. ಹೆಣ್ಣುಮಕ್ಕಳ ವಿಷಯದಲ್ಲಿ ಈ ಪ್ರಭಾವ ಬೀರಿದ್ದು ಆ ಪರಿಸರದ ಆವಿಷ್ಕಾರಕ ಮಹಿಳೆಯರು, ಗಂಡಸರಲ್ಲ. ಕಣ್ಣೆದುರು ಬದುಕಿರುವ, ಮಾತನಾಡಿಸಲು ಸಿಗುವ ಮನುಷ್ಯರ ಪ್ರಭಾವ ಇದು. ಗೋಡೆಯ ಮೇಲಿನ ಫಲಕಕ್ಕೆ ಇಷ್ಟು ಶಕ್ತಿ ಇದೆಯೆಂದು ಯಾರೂ ತೋರಿಸಿಲ್ಲ. ಇನ್ನು ಫಲಕಗಳಲ್ಲಾದರೂ ಮಹಿಳೆಯರ ಪಾಲೆಷ್ಟು? ಲಂಡನ್ನಿನ ನೀಲಿ ಫಲಕಗಳಲ್ಲಿ ಶೇಕಡಾ 14ರಷ್ಟು ಮಾತ್ರ ಮಹಿಳೆಯರದು ಎಂದು ಇಂಗ್ಲಿಷ್ ಹೆರಿಟೇಜ್ 2018ರಲ್ಲಿ ತಾನೇ ಒಪ್ಪಿಕೊಂಡು, ಹೆಸರು ಸೂಚಿಸುವಂತೆ ಸಾರ್ವಜನಿಕರನ್ನು ಕೇಳಿಕೊಂಡಿತು.

ಹಾಗೆಂದು ಹೆಸರಿಗೆ ಬೆಲೆಯಿಲ್ಲವೆಂದಲ್ಲ. ಲಿವರ್‌ಪೂಲ್‌ನ ಡಿಂಗಲ್ ಪ್ರದೇಶದಲ್ಲಿ ವೆಲ್ಷ್ ಸ್ಟ್ರೀಟ್ಸ್ ಎಂದು ಕರೆಯುವ ಬೀದಿಗಳ ನೂರಾರು ಮನೆಗಳನ್ನು ಕೆಡವುವ ಯೋಜನೆಗೆ 2015ರಲ್ಲಿ ಬ್ರಿಟನ್ ಸರ್ಕಾರ ಅನುಮತಿ ನಿರಾಕರಿಸಿತು. ನಿವಾಸಿಗಳು ವರ್ಷಗಟ್ಟಲೆ ಹೋರಾಡಿದ್ದರು. ಆದರೆ ಹೊರಗಿನವರ ಕಣ್ಣು ಅತ್ತ ಬೀಳುವಂತೆ ಮಾಡಿದ್ದು ಅಲ್ಲಿನ ಮ್ಯಾಡ್ರಿನ್ ಬೀದಿಯ 9ನೇ ಸಂಖ್ಯೆಯ ಮನೆ, ಬೀಟಲ್ಸ್ ತಂಡದ ರಿಂಗೊ ಸ್ಟಾರ್ 1940ರಲ್ಲಿ ಹುಟ್ಟಿದ ಮನೆ. ಹೆಸರು ಬೀದಿಯನ್ನು ಕಾಯುವುದಾದರೆ ಅದನ್ನು ಧಾರಾಳವಾಗಿ ಬಳಸಿಕೊಳ್ಳಿ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬ್ರಾಂಕ್ಸ್‌ಡೇಲ್ ಹೌಸಸ್ ಎಂಬ ಸರ್ಕಾರಿ ವಸತಿ ಸಮುಚ್ಚಯಕ್ಕೆ, ಅಲ್ಲಿ ಬೆಳೆದು 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಸೋನಿಯಾ ಸೊಟೊಮೇಯರ್ ಅವರ ಹೆಸರನ್ನು 2010ರಲ್ಲಿ ಇಟ್ಟರು. ಇದು ನನಗೆ ಹಿಡಿಸಿದ ನಿರ್ಧಾರ, ಏಕೆಂದರೆ ಆ ಹೆಸರು ಒಂದು ಖಾಸಗಿ ಮನೆಯ ಬಾಗಿಲಿಗೆ ಅಂಟದೆ, ಕೈಗೆಟುಕುವ ಬಾಡಿಗೆ ಎಂಬ ಸಾರ್ವಜನಿಕ ವ್ಯವಸ್ಥೆಗೆ ಅಂಟಿತು. ಮನೆಗೆ ವಿಶ್ವಕೋಶ ಕೊಂಡು ತಂದ ಅವರ ತಾಯಿ, ನರ್ಸ್ ಆಗಿ ದುಡಿದ ಸೆಲಿನಾ, ಅವರ ಪಾಲನ್ನು ಮಾತ್ರ ಯಾವ ಸಮುಚ್ಚಯವೂ ತನ್ನದೆನ್ನಬಾರದು.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಹೀಗಿದೆ. ಈಗಿರುವ ಪಟ್ಟಿಯನ್ನು ಒಮ್ಮೆ ತೆಗೆದು, ಪ್ರತಿ ಹೆಸರಿನ ಮುಂದೆ ಆ ವ್ಯಕ್ತಿ ಬಡಾವಣೆಯಲ್ಲಿದ್ದ ವಯಸ್ಸನ್ನು ದಾಖಲೆಯ ಆಧಾರದಿಂದ ಬರೆಯಿರಿ; ದಾಖಲೆ ಸಿಗದಿದ್ದರೆ ‘ಹೇಳಿಕೆಯ ಪ್ರಕಾರ’ ಎಂದು ನಮೂದಿಸಲು ಸಂಕೋಚ ಬೇಡ. ಆತ ಅಥವಾ ಆಕೆ ಓದಿದ ಶಾಲೆ, ಆಡಿದ ಮೈದಾನ, ಪುಸ್ತಕ ಪಡೆದ ಗ್ರಂಥಾಲಯ, ಕಲಿಸಿದ ಗುರು ಇವುಗಳನ್ನು ಮುಂದಿನ ಸಾಲಿನಲ್ಲಿ ಸೇರಿಸಿ, ಅವು ಇಂದು ಇವೆಯೋ ಇಲ್ಲವೋ ತಿಳಿಸಿ. ಬೀದಿ ಬದಲಿಸುತ್ತ ಬೆಳೆದ ಬಡವರ ಮಕ್ಕಳಿಗೆ ಒಂದೇ ಬಾಗಿಲು ಹುಡುಕದೆ ಇಡೀ ಬೀದಿಗೆ ಒಂದು ಫಲಕ ಹಾಕುವ ಅವಕಾಶವನ್ನು ನಿಯಮದಲ್ಲಿ ಕಲ್ಪಿಸಿ. ಹೆಸರು ಮಾಡಿದವರಿಗಿಂತ ಅವರಿಗೆ ಕಲಿಸಿದವರ ಹೆಸರುಗಳು ಹಳೆಯ ನಿವಾಸಿಗಳ ನೆನಪಿನಲ್ಲಿ ಮಾತ್ರ ಇರುವುದರಿಂದ, ಅವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಇನ್ನು ನಗರಾಡಳಿತದವರಿಗೆ ಪ್ರತ್ಯೇಕವಾಗಿ ಒಂದು ಮಾತು. ಓದುಗರ ಸಂಖ್ಯೆ ಸಾಲದು ಎಂಬ ಕಾರಣಕ್ಕೆ ಗ್ರಂಥಾಲಯದ ಶಾಖೆಯೊಂದನ್ನು ಮುಚ್ಚುವ, ಮೈದಾನದ ಅಂಚನ್ನು ವಾಹನ ನಿಲುಗಡೆಗೆ ಬಿಟ್ಟುಕೊಡುವ, ಅಥವಾ ಕಡಿಮೆ ಬಾಡಿಗೆಯ ಹಳೆಯ ಸಮುಚ್ಚಯವನ್ನು ಕೆಡವುವ ಪ್ರಸ್ತಾವ ನಿಮ್ಮ ಸಭೆಯ ಮುಂದೆ ಬಂದಾಗ, ಆ ಬಡಾವಣೆಯ ಗಣ್ಯರ ಪಟ್ಟಿಯನ್ನು ಮೇಲೆ ಹೇಳಿದ ವಿವರಗಳೊಂದಿಗೆ ಅದೇ ಕಡತಕ್ಕೆ ಲಗತ್ತಿಸಿ, ಮತಕ್ಕೆ ಹಾಕುವ ಮೊದಲು ಸಭೆಯಲ್ಲಿ ಗಟ್ಟಿಯಾಗಿ ಓದಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸ್ಥಳೀಯ ಚರಿತ್ರೆಯ ಒಬ್ಬ ಓದುಗ